ಸಣ್ಣ ಊರಿನ ಕಾಲೇಜಿನಲ್ಲಿ ಪ್ರಾಚೀನ ಭಾಷಾಭ್ಯಾಸ

ಪದವಿ ತರಗತಿಯಲ್ಲಿ ಐಚ್ಛಿಕ ಕನ್ನಡವನ್ನೋ ಸಂಸ್ಕೃತವನ್ನೋ ಆರಿಸಿಕೊಂಡ ವಿದ್ಯಾರ್ಥಿಗೆ ಮನೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ "ಇದನ್ನು ಓದಿದರೆ ಹೊಟ್ಟೆ ತುಂಬೀತೆ?" ಎಂಬುದು. ಒಕ್ಕಲುತನವನ್ನು ನಂಬಿ, ಮಳೆಯ ಮುಖ ನೋಡಿ ಬದುಕುವ ಆಳಂದ, ಅಫಜಲಪುರ, ಜೇವರ್ಗಿಗಳ ಕುಟುಂಬಗಳಲ್ಲಿ ಈ ಪ್ರಶ್ನೆ ನ್ಯಾಯವಾದುದೇ ಆಗಿದೆ, ಹಗುರವಾಗಿ ತಳ್ಳಿಹಾಕುವಂಥದಲ್ಲ. ಆದರೆ ಉತ್ತರಿಸುವ ಮೊದಲು ಈ ವಿದ್ಯೆ ಎಂತಹುದು, ಅದನ್ನು ಅಭ್ಯಸಿಸುವ ಬಗೆ ಯಾವುದು, ಈ ನೆಲಕ್ಕೂ ಅದಕ್ಕೂ ಇರುವ ನಂಟೇನು ಎಂಬುದನ್ನು ತಿಳಿಯುವುದು ಅವಶ್ಯ.

ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವಾದ 'ಕವಿರಾಜಮಾರ್ಗ'ವು ಸುಮಾರು ಕ್ರಿ.ಶ. 850ರಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಅವನ ರಾಜಧಾನಿ ಮಾನ್ಯಖೇಟವೇ ಕಾಗಿಣಾ ತೀರದ ಇಂದಿನ ಮಳಖೇಡ. ಪುಷ್ಪದಂತನು ಅಪಭ್ರಂಶ ಭಾಷೆಯ 'ಮಹಾಪುರಾಣ'ವನ್ನು ಹತ್ತನೆಯ ಶತಮಾನದಲ್ಲಿ ಬರೆದುದೂ ಅದೇ ನಗರದಲ್ಲಿ. ಭೀಮಾತೀರದ ಸನ್ನತಿಯಲ್ಲಿ 1980ರ ದಶಕದಲ್ಲಿ ಅಶೋಕನ ಶಾಸನವುಳ್ಳ ಶಿಲೆಯೊಂದು ಬೆಳಕಿಗೆ ಬಂದಿತು; ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಫಜಲಪುರ ತಾಲೂಕಿನ ಗಾಣಗಾಪುರವು ಮರಾಠಿಯ 'ಗುರುಚರಿತ್ರೆ'ಯಿಂದ ಪ್ರಸಿದ್ಧವಾಗಿದೆ. ಸಂಸ್ಕೃತಕ್ಕೆ 2005ರಲ್ಲಿ, ಕನ್ನಡಕ್ಕೆ 2008ರಲ್ಲಿ, ಮರಾಠಿ ಮತ್ತು ಪ್ರಾಕೃತಗಳಿಗೆ 2024ರಲ್ಲಿ ಕೇಂದ್ರ ಸರಕಾರದಿಂದ ಶಾಸ್ತ್ರೀಯ ಭಾಷೆಯ ಮನ್ನಣೆ ದೊರೆಯಿತು. ಈ ನಾಲ್ಕೂ ಭಾಷೆಗಳ ಕುರುಹುಗಳು ನಮ್ಮ ಒಂದೇ ಜಿಲ್ಲೆಯಲ್ಲಿ ಇವೆಯೆಂಬುದು ಸಾಮಾನ್ಯ ಸಂಗತಿಯಲ್ಲ.

ವಿದ್ಯೆಗೆ ದೊಡ್ಡ ನಗರವೇ ಬೇಕೆಂಬ ನಂಬಿಕೆಯೂ ಇತ್ತೀಚಿನದು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವೊಂದಿದ್ದಿತು. ಅಲ್ಲಿ ವೇದಾಭ್ಯಾಸ ಮಾಡುವ 200 ವಿದ್ಯಾರ್ಥಿಗಳಿಗೂ, ಶಾಸ್ತ್ರಗಳನ್ನು ಕಲಿಯುವವರಿಗೂ, ಉಪಾಧ್ಯಾಯರಿಗೂ ವ್ಯವಸ್ಥೆ ಮಾಡಿದುದನ್ನು 1058ರ ಶಾಸನವು ಹೇಳುತ್ತದೆ. ಗ್ರಂಥಗಳನ್ನು ಕಾಯುವುದಕ್ಕೆಂದೇ ಆರು ಮಂದಿ ಸರಸ್ವತೀ ಭಂಡಾರಿಗಳಿದ್ದರೆಂಬುದನ್ನು ಇಂದಿನ ಸಂಸ್ಥೆಗಳು ಗಮನಿಸಬೇಕು. ಪಾಠದಷ್ಟೇ ಪುಸ್ತಕವೂ ಮುಖ್ಯವೆಂಬ ಅರಿವು ಆ ದಾನಿಗಳಿಗಿದ್ದಿತು.

ಇನ್ನು ಅಭ್ಯಾಸದ ಕ್ರಮ. ಹಳಗನ್ನಡವು ಬೇರೆಯೇ ಭಾಷೆಯೆಂದು ಹೆದರುವ ವಿದ್ಯಾರ್ಥಿಗೆ ಮೊದಲು ತಿಳಿಸಬೇಕಾದುದು ಪಕಾರ ಹಕಾರಗಳ ಗುಟ್ಟು. 'ಪಾಲ್' ಎಂಬುದು ಹಾಲು, 'ಪೂ' ಎಂಬುದು ಹೂವು, 'ಪಳ್ಳಿ' ಎಂಬುದು ಹಳ್ಳಿ. ಇದೊಂದನ್ನು ಅರಿತರೆ ಅಪರಿಚಿತವೆನಿಸಿದ ಎಷ್ಟೋ ಶಬ್ದಗಳು ಮನೆಯ ಮಾತುಗಳಾಗಿ ಬಿಡುತ್ತವೆ. ಎರಡನೆಯದು ಲುಪ್ತವಾದ ಅಕ್ಷರಗಳ ಪರಿಚಯ. ಹಳಗನ್ನಡದಲ್ಲಿ ರಕಾರದ ಜೊತೆಗೆ 'ಱ'ಕಾರವೂ, ಳಕಾರದ ಜೊತೆಗೆ 'ೞ'ಕಾರವೂ ಇದ್ದವು. 'ಅರಿ' ಎಂದರೆ ಕತ್ತರಿಸು. 'ಅಱಿ' ಎಂದರೆ ತಿಳಿ. ಶರಣರು ಪರಮಮೌಲ್ಯವಾಗಿ ಕಂಡ 'ಅರಿವು' ಹುಟ್ಟಿದುದು ಎರಡನೆಯ ಧಾತುವಿನಿಂದ. ಇಂದಿನ ಬರವಣಿಗೆಯಲ್ಲಿ ಮರೆಯಾಗಿರುವ ಈ ಭೇದವನ್ನು ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ವು ನಮಗೆ ಉಳಿಸಿಕೊಟ್ಟಿದೆ.

ಮೂರನೆಯದು ಛಂದಸ್ಸು. ಕಂದಪದ್ಯದ ಮೊದಲ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣಗಳು, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಗಣಗಳು. ಅಂದರೆ 12, 20, 12, 20, ಒಟ್ಟು 64 ಮಾತ್ರೆಗಳು. ಇದು ಪರೀಕ್ಷೆಗೆಂದು ಉರುಹೊಡೆಯುವ ಲೆಕ್ಕವಲ್ಲ. ಓಲೆಗರಿಯಿಂದ ನಕಲು ಮಾಡುವಾಗ ಅಕ್ಷರವೊಂದು ಬಿಟ್ಟುಹೋದರೆ ಮಾತ್ರೆ ಕಡಿಮೆಯಾಗಿ, ದೋಷವು ತಾನಾಗಿಯೇ ಗೋಚರಿಸುತ್ತದೆ. ಛಂದಸ್ಸನ್ನು ಬಲ್ಲವನೇ ಪಾಠವನ್ನು ಪರಿಶೋಧಿಸಬಲ್ಲನು. ಹಾಗೆಯೇ ಶಾಸನದ ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತವರ್ಷ ದೊರೆಯುತ್ತದೆ. ಶಕ 980 ಎಂದರೆ 1058.

ಇಷ್ಟನ್ನು ಕಲಿಸುವುದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ. ಓದಬಲ್ಲ ಒಬ್ಬ ಗುರು, ಕಿಟ್ಟೆಲರ 1894ರ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಕೆಲವು ಕಾವ್ಯಗಳ ಶುದ್ಧ ಪ್ರತಿಗಳು ಇದ್ದರೆ ಸಾಕು. ತರಗತಿಯಲ್ಲಿ ಐದಾರು ಮಂದಿಯೇ ಇದ್ದರೆ ಪ್ರತಿಯೊಬ್ಬನೂ ದಿನವೂ ಪದ್ಯವನ್ನು ಗಟ್ಟಿಯಾಗಿ ಓದಿ, ಅನ್ವಯಿಸಿ ತೋರಿಸಬಹುದು. ನೂರಾರು ಮಂದಿಯ ತರಗತಿಗೆ ಈ ಭಾಗ್ಯವಿಲ್ಲ. ಸಣ್ಣ ಕಾಲೇಜಿನ ಕೊರತೆಯೆಂದು ತೋರುವುದೇ ಇಲ್ಲಿ ಅದರ ಬಲವಾಗುತ್ತದೆ.

ಈ ಅಭ್ಯಾಸವು ಕಾವ್ಯಕ್ಕಷ್ಟೇ ಸೀಮಿತವಲ್ಲ. ಜೇವರ್ಗಿಯ ಷಣ್ಮುಖ ಶಿವಯೋಗಿಗಳು ಬಸವೋತ್ತರ ಯುಗದಲ್ಲಿ 'ಅಖಂಡೇಶ್ವರ' ಅಂಕಿತದಿಂದ 700ಕ್ಕೂ ಹೆಚ್ಚು ವಚನಗಳನ್ನು ರಚಿಸಿದರು. ಅಫಜಲಪುರ ಸೀಮೆಯ ಬಿದನೂರಿನಲ್ಲಿ ಜನಿಸಿ, ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ತತ್ತ್ವಪದಗಳು ಇಂದಿಗೂ ಭಜನಾಮೇಳಗಳಲ್ಲಿ ಜೀವಂತವಾಗಿವೆ. ಆ ಪದಗಳನ್ನು ಹಾಡಬಲ್ಲವರು ಊರಿನಲ್ಲಿದ್ದಾರೆ. ಅವುಗಳ ಶಬ್ದಾರ್ಥವನ್ನು ಬಿಡಿಸಬಲ್ಲವರು ಕಾಲೇಜಿನಲ್ಲಿರಬೇಕು. ಇಬ್ಬರೂ ಒಂದೆಡೆ ಕೂಡಿದಾಗಲೇ ಅಧ್ಯಯನವು ಪೂರ್ಣವಾಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ವಿದ್ಯೆಯಿಂದ ಎಲ್ಲರಿಗೂ ನೌಕರಿ ಸಿಕ್ಕೀತೆಂದು ಹೇಳುವುದು ಅಪ್ರಾಮಾಣಿಕತನವಾದೀತು. ಶಿಕ್ಷಕ ವೃತ್ತಿ, ಸ್ಪರ್ಧಾತ್ಮಕ ಪರೀಕ್ಷೆಗಳು, ಪುರಾತತ್ತ್ವ ಹಾಗೂ ಗ್ರಂಥಾಲಯಗಳ ಕೆಲಸ, ಅನುವಾದ ಇವು ಅದರಿಂದ ತೆರೆಯುವ ದಾರಿಗಳು. ಆದರೆ ಅವು ಇಕ್ಕಟ್ಟಾದ ದಾರಿಗಳೇ. ಇನ್ನೊಂದು ಲೆಕ್ಕವೂ ಉಂಟು. ಸನ್ನತಿಯ ಆ ಅಶೋಕ ಶಿಲೆಯು ದೇವಾಲಯದೊಳಗೆ ವಿಗ್ರಹದ ಪೀಠವಾಗಿ ಬಹುಕಾಲ ಉಳಿದಿದ್ದಿತು. ಜನರು ಅದಕ್ಕೆ ಕೈಮುಗಿದರು; ಅದರ ಮೇಲಿನ ಬರಹ ಮಾತ್ರ ಮೌನವಾಗಿಯೇ ಇದ್ದಿತು. ಅಗಸೆಯ ಬಳಿ, ಕೆರೆಯ ದಂಡೆಯಲ್ಲಿ, ಹಾಳುಗುಡಿಯ ಗೋಡೆಯಲ್ಲಿ ನಿಂತ ಕಲ್ಲುಗಳಿಗೂ ಅದೇ ಗತಿ ಒದಗಬಾರದಾದರೆ ಪ್ರತಿ ತಾಲೂಕಿನಲ್ಲಿಯೂ ಅವನ್ನು ಓದಬಲ್ಲ ನಾಲ್ಕು ಮಂದಿಯಾದರೂ ಇರಬೇಕು. ವಿದ್ಯಾರ್ಥಿಗಳಿಲ್ಲವೆಂದು ಒಮ್ಮೆ ಮುಚ್ಚಿದ ವಿಭಾಗವನ್ನು ಮತ್ತೆ ತೆರೆಯುವುದು ಸುಲಭವಲ್ಲ. ಏಕೆಂದರೆ ಕಲಿಸುವವರೂ ಆ ವಿಭಾಗದಿಂದಲೇ ಬರಬೇಕಷ್ಟೆ.

ಆದುದರಿಂದ ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಮಳಖೇಡಕ್ಕೋ ನಾಗಾವಿಗೋ ಸನ್ನತಿಗೋ ಕರೆದೊಯ್ಯಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಶಾಸನಗಳ, ಮನೆಯ ಓಲೆಗರಿಗಳ ಸುದ್ದಿಯನ್ನು ಕಾಲೇಜಿಗೆ ಮುಟ್ಟಿಸಲಿ. ದಾನಿಗಳು ಒಂದು ಕೊಠಡಿ ಕಟ್ಟಿಸುವಾಗ ಅದರೊಳಗಿನ ಕಪಾಟನ್ನೂ ಅದರ ತುಂಬ ಪುಸ್ತಕಗಳನ್ನೂ ನೆನೆಯಲಿ. ನಾಗಾವಿಯ ದಾನಿಗಳು ಆರು ಮಂದಿ ಭಂಡಾರಿಗಳನ್ನು ನೇಮಿಸಿದರು. ನಾವು ಒಬ್ಬರನ್ನಾದರೂ ನೇಮಿಸೋಣ.