ಗೇರುಪೆಟ್ಟಿಗೆಯ ರಬ್ಬರು ಮೌಂಟಿಂಗು: ಅದರ ಕೆಲಸ, ಸವೆತ ಮತ್ತು ಬದಲಾವಣೆ

ಮೋಟಾರು ಗಾಡಿಯ ಎಂಜಿನ್ನು ಮತ್ತು ಗೇರುಪೆಟ್ಟಿಗೆಗಳನ್ನು ಕುರಿತು ನಮ್ಮ ಪಠ್ಯಪುಸ್ತಕಗಳು ಸಾಕಷ್ಟು ವಿಸ್ತಾರವಾಗಿಯೇ ವಿವರಿಸುತ್ತವೆ. ಆದರೆ ಅವೆರಡನ್ನೂ ಗಾಡಿಯ ಮೈಗೆ ಹಿಡಿದುಕೊಂಡಿರುವ ರಬ್ಬರಿನ ತುಂಡುಗಳ ವಿಚಾರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಕಾರ್ಯಾಗಾರದವರು ‘ಮೌಂಟಿಂಗ್’ ಎಂದು ಕರೆಯುವ ಈ ಭಾಗವು ಅಂಗೈಯಗಲದ್ದು. ಗೇರುಪೆಟ್ಟಿಗೆಯ ಬೆಲೆಗೆ ಹೋಲಿಸಿದರೆ ಅದರ ಬೆಲೆ ಅತ್ಯಲ್ಪ. ಹೀಗಿದ್ದರೂ ಅದು ಕೆಟ್ಟಾಗ ತೋರಿಬರುವ ಲಕ್ಷಣಗಳೆಲ್ಲವೂ ಗೇರುಪೆಟ್ಟಿಗೆಯೇ ಕೆಟ್ಟಂತೆ ಕಾಣುತ್ತವೆ. ಈ ಹೋಲಿಕೆಯಿಂದಾಗಿ ಸರಿಯಾಗಿರುವ ಗೇರುಪೆಟ್ಟಿಗೆಯನ್ನು ಬಿಚ್ಚಿ ಹರಡುವ ಪ್ರಸಂಗಗಳು ಒದಗುತ್ತವೆ. ಪ್ರಕೃತ ಲೇಖನದಲ್ಲಿ ನಾವು ಈ ಭಾಗದ ಕೆಲಸವೇನು, ಅದು ಸವೆಯುವುದು ಹೇಗೆ, ಬದಲಾಯಿಸುವಾಗ ಯಾವುದನ್ನು ಕಾಯ್ದುಕೊಳ್ಳಬೇಕು ಎಂಬುದನ್ನು ವಿವರಿಸಲು ಯತ್ನಿಸಿದ್ದೇವೆ.

ಬಾರ್ಕೂರಿನ ಕತ್ತಲೆ ಬಸದಿಯನ್ನು ನೋಡಿದವರಿಗೆ ಅಲ್ಲಿಯ ಕಲ್ಲುಕಂಬಗಳು ನೆನಪಿನಲ್ಲಿರಬಹುದು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ನಡುವೆ ಮೆತ್ತನೆಯ ವಸ್ತುವೊಂದೂ ಬೇಕಾಗಿಲ್ಲ. ಅಲ್ಲಿಯ ಭಾರ ಸ್ಥಿರವಾದದ್ದು, ಅದರ ದಿಕ್ಕು ಒಂದೇ. ಎಂಜಿನ್ನಿನ ಭಾರ ಹಾಗಲ್ಲ. ಅದು ಕೆಳಗೆ ಒತ್ತುವುದರ ಜೊತೆಗೆ ತಿರುಚುತ್ತದೆ, ನಡುಗುತ್ತದೆ, ಚಾಲಕನ ಕಾಲು ಎತ್ತಿದೊಡನೆ ಹಿಂದಕ್ಕೆ ಹೊರಳುತ್ತದೆ. ಮೋಟಾರು ಗಾಡಿಯ ಮೊದಲ ದಶಕಗಳಲ್ಲಿ ಎಂಜಿನ್ನನ್ನು ಚೌಕಟ್ಟಿಗೆ ನೇರವಾಗಿ ಬೋಲ್ಟು ಹಾಕಿ ಬಿಗಿಯುವುದೇ ಸಾಮಾನ್ಯ ಪದ್ಧತಿಯಾಗಿತ್ತು. ಅಮೆರಿಕದ ಕ್ರೈಸ್ಲರ್ ಸಂಸ್ಥೆಯು 1931ರಲ್ಲಿ ತನ್ನ ಪ್ಲಿಮತ್ ಗಾಡಿಗಳಲ್ಲಿ ಎಂಜಿನ್ನನ್ನು ರಬ್ಬರಿನ ಆಸರೆಗಳ ಮೇಲೆ ತೂಗುವ ಏರ್ಪಾಡನ್ನು ತಂದು ಅದಕ್ಕೆ ‘ತೇಲುವ ಶಕ್ತಿ’ ಎಂಬರ್ಥದ ಹೆಸರಿಟ್ಟಿತು. ಆಸರೆಗಳನ್ನು ಮನಬಂದಲ್ಲಿ ಇಡದೆ, ಎಂಜಿನ್ನಿನ ಗುರುತ್ವಕೇಂದ್ರದ ಮೂಲಕ ಹಾಯುವ ಅಕ್ಷಕ್ಕೆ ಹೊಂದಿಸಿ ಇಟ್ಟದ್ದೇ ಅದರ ವಿಶೇಷ. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯು ಈ ಹಕ್ಕನ್ನು ಪಡೆದು ತನ್ನ ಗಾಡಿಗಳ ಗುರುತಿನಲ್ಲಿ ಈಜುವ ಹಂಸವನ್ನು ಸೇರಿಸಿಕೊಂಡಿತು. ಇಂದಿನ ಸಾಮಾನ್ಯ ಗಾಡಿಗಳೆಲ್ಲವೂ ಈ ವಿಚಾರದ ವಂಶಜರೇ.

ಮೌಂಟಿಂಗಿನ ಕೆಲಸಗಳು ಎರಡು. ಅವು ಪರಸ್ಪರ ವಿರುದ್ಧವಾದವು. ಕಂಪನವನ್ನು ತಡೆಯಲು ಅದು ಮೆತ್ತಗಿರಬೇಕು. ತಿರುಚನ್ನು ತಡೆಯಲು ಗಟ್ಟಿಯಾಗಿರಬೇಕು. ಮೊದಲು ತಿರುಚಿನ ಲೆಕ್ಕವನ್ನು ನೋಡೋಣ. ಚಿಕ್ಕ ಕ್ರೀಡಾಗಾಡಿಯೊಂದರ ಎಂಜಿನ್ನು 90 ನ್ಯೂಟನ್-ಮೀಟರಿನ ತಿರುಚುಬಲವನ್ನು ಕೊಡುತ್ತದೆಂದಿಟ್ಟುಕೊಳ್ಳಿ. ಮೊದಲ ಗೇರಿನ ಪ್ರಮಾಣ 3.5, ಕೊನೆಯ ಹಲ್ಲುಗಾಲಿಗಳ ಪ್ರಮಾಣ 4 ಎಂದಾದರೆ ಚಕ್ರಗಳ ಅಚ್ಚಿನಲ್ಲಿ ದೊರೆಯುವ ತಿರುಚುಬಲ 1260 ನ್ಯೂಟನ್-ಮೀಟರು. ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ, ಎಂಜಿನ್ನನ್ನು ಅಡ್ಡವಾಗಿ ಕೂರಿಸಿದ ಗಾಡಿಯಲ್ಲಿ ಎಂಜಿನ್ನು, ಗೇರುಪೆಟ್ಟಿಗೆ, ಅಚ್ಚಿನ ಹಲ್ಲುಗಾಲಿಗಳು ಎಲ್ಲವೂ ಒಂದೇ ಗಡ್ಡೆಯಾಗಿರುವುದರಿಂದ, ಇಷ್ಟೇ ಪ್ರಮಾಣದ ಪ್ರತಿತಿರುಚು ಪೂರ್ತಿಯಾಗಿ ಮೌಂಟಿಂಗುಗಳ ಮೇಲೆ ಬೀಳುತ್ತದೆ. ತಿರುಚನ್ನು ತಡೆಯುವ ಆಸರೆಗಳ ನಡುವಣ ಅಂತರ 0.6 ಮೀಟರಾದರೆ ಅವುಗಳಲ್ಲಿ ಒಂದೊಂದರ ಮೇಲೆ ಬೀಳುವ ಬಲ 2100 ನ್ಯೂಟನ್, ಅಂದರೆ ಹೆಚ್ಚುಕಡಿಮೆ 210 ಕಿಲೋಗ್ರಾಮಿನ ಭಾರ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಗಾಡಿಯಲ್ಲಿ ಈ ಕೊನೆಯ ನಾಲ್ಕು ಪಟ್ಟನ್ನು ಹಿಂದಿನ ಅಚ್ಚು ಹೊತ್ತುಕೊಳ್ಳುತ್ತದೆ. ಮುಂದಿನ ಮೌಂಟಿಂಗುಗಳ ಪಾಲಿಗೆ 315 ನ್ಯೂಟನ್-ಮೀಟರು ಮಾತ್ರ ಬರುತ್ತದೆ. ಆ ಬಗೆಯ ಗಾಡಿಗಳಲ್ಲಿ ಗೇರುಪೆಟ್ಟಿಗೆಯ ಬಾಲದ ಕೆಳಗೆ ಅಡ್ಡಪಟ್ಟಿಯೊಂದರ ಮೇಲೆ ಒಂದೇ ರಬ್ಬರು ಸಾಕಾಗುವುದೂ ಇದರಿಂದಲೇ ಸಾಧ್ಯವಾಗಿದೆ.

ಇನ್ನು ಕಂಪನದ ಲೆಕ್ಕ. ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಸ್ಫೋಟಗಳು ನಡೆಯುತ್ತವೆ. ಗಾಡಿ ನಿಂತು ಎಂಜಿನ್ನು ಮಾತ್ರ ನಿಮಿಷಕ್ಕೆ 750 ಸುತ್ತು ತಿರುಗುತ್ತಿರುವಾಗ ಸೆಕೆಂಡಿಗೆ 25 ನೂಕುಗಳು ಬೀಳುತ್ತವೆ. ರಬ್ಬರಿನ ಮೇಲೆ ಕುಳಿತ ಎಂಜಿನ್ನಿಗೆ ತನ್ನದೇ ಆದ ಸಹಜ ಆವೃತ್ತಿಯೊಂದುಂಟು. ಹೊರಗಿನ ನೂಕಿನ ಆವೃತ್ತಿಯು ಈ ಸಹಜ ಆವೃತ್ತಿಯ 1.41 ಪಟ್ಟಿಗಿಂತ ಮೇಲಿದ್ದರೆ ಮಾತ್ರ ಆಸರೆಯು ಕಂಪನವನ್ನು ತಗ್ಗಿಸುತ್ತದೆ. ಅದಕ್ಕಿಂತ ಕೆಳಗಿದ್ದರೆ ಹೆಚ್ಚಿಸುತ್ತದೆ. ಸಹಜ ಆವೃತ್ತಿ 10 ಆಗಿದ್ದರೆ (ರಬ್ಬರು ಭಾರದಿಂದ ಸುಮಾರು ಎರಡೂವರೆ ಮಿಲಿಮೀಟರು ಕುಗ್ಗಿದಾಗ ಹೀಗಾಗುತ್ತದೆ) ನೂಕಿನ ಐದನೆಯ ಒಂದು ಪಾಲು ಮಾತ್ರ ಗಾಡಿಯ ಮೈಗೆ ದಾಟುತ್ತದೆ. ಅದೇ ರಬ್ಬರಿನ ಪೆಡಸುತನ ನಾಲ್ಕು ಪಟ್ಟಾದರೆ ಸಹಜ ಆವೃತ್ತಿ 20ಕ್ಕೆ ಏರುತ್ತದೆ. ಆಗ ಮೈಗೆ ದಾಟುವುದು ನೂಕಿನ 1.8 ಪಟ್ಟು. ಕಂಪನಶಮನದ ಗುಣವನ್ನು ಲೆಕ್ಕಕ್ಕೆ ಹಿಡಿದರೆ ಈ ಅಂಕೆಗಳು ತುಸು ಬದಲಾಗುತ್ತವೆ, ತಾತ್ಪರ್ಯ ಬದಲಾಗುವುದಿಲ್ಲ. ಗಟ್ಟಿ ಮಾಡಿದಷ್ಟೂ ಒಳ್ಳೆಯದೆಂಬ ಭಾವನೆಗೆ ಇಲ್ಲಿ ಆಧಾರವಿಲ್ಲ.

ಹಾಗಾದರೆ ಸ್ಪರ್ಧೆಯ ಗಾಡಿಗಳಲ್ಲಿ ರಬ್ಬರನ್ನೇ ತೆಗೆದುಹಾಕುವುದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಮಣಿಪಾಲದ ತಾಂತ್ರಿಕ ಮಹಾವಿದ್ಯಾಲಯದ ವಿದ್ಯಾರ್ಥಿಗಳು ‘ಫಾರ್ಮುಲಾ ಮಣಿಪಾಲ್’ ಎಂಬ ತಂಡ ಕಟ್ಟಿಕೊಂಡು ಸ್ಪರ್ಧಾಗಾಡಿಗಳನ್ನು ತಾವೇ ನಿರ್ಮಿಸುತ್ತಿರುವುದನ್ನು ಈ ಭಾಗದವರು ಬಲ್ಲರು. ಅಂಥ ವರ್ಗದ ಗಾಡಿಗಳಲ್ಲಿ ಎಂಜಿನ್ನನ್ನು ಚೌಕಟ್ಟಿಗೆ ನೇರವಾಗಿ ಬಿಗಿಯುವುದು ಸಾಮಾನ್ಯ. ಅಲ್ಲಿ ಎಂಜಿನ್ನು ಕೆಳವೇಗದಲ್ಲಿ ನಿಲ್ಲುವುದೇ ಅಪರೂಪ. ಓಟದ ಅವಧಿ ಚಿಕ್ಕದು. ಚಾಲಕನ ಸುಖವನ್ನು ಯಾರೂ ಎಣಿಸುವುದಿಲ್ಲ. ಓಟ ಮುಗಿದೊಡನೆ ಪ್ರತಿಯೊಂದು ಬೋಲ್ಟನ್ನೂ ಪರೀಕ್ಷಿಸುವ ಕೈಗಳಿರುತ್ತವೆ. ಬ್ರಹ್ಮಾವರದಿಂದ ಬಾರ್ಕೂರಿಗೆ ಬರುವ ಗಾಡಿಗೆ ಈ ಯಾವ ಅನುಕೂಲವೂ ಇಲ್ಲ.

ರಬ್ಬರಿನ ಸವೆತಕ್ಕೆ ಕಾರಣಗಳು ಹಲವು. ಹಸಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಗಂಧಕವು ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಬಿಗಿಯುತ್ತದೆ. ಗಾಡಿಯಲ್ಲಿ ವರ್ಷಗಟ್ಟಲೆ ಕಾವನ್ನು ಉಣ್ಣುತ್ತಿರುವಾಗ ಈ ಜೋಡಣೆಗಳು ಬದಲಾಗುತ್ತ ಹೋಗುತ್ತವೆ. ಗಾಳಿಯ ಆಮ್ಲಜನಕವೂ ಸೇರಿಕೊಂಡು ರಬ್ಬರು ಪೆಡಸಾಗುತ್ತದೆ. ಓಝೋನು ಅನಿಲವು ಹಿಗ್ಗಿದ ಭಾಗವನ್ನೇ ಆರಿಸಿಕೊಂಡು ಅಡ್ಡಬಿರುಕುಗಳನ್ನು ಮಾಡುತ್ತದೆ. ಖನಿಜತೈಲವಂತೂ ಸಹಜ ರಬ್ಬರಿಗೆ ವಿಷ. ಗೇರುಪೆಟ್ಟಿಗೆಯ ಅಚ್ಚಿನ ಬಳಿ ತೊಟ್ಟಿಕ್ಕುವ ಎಣ್ಣೆಯನ್ನು ಹೀರಿ ಅದು ಉಬ್ಬಿ ಮೆತ್ತಗಾಗುತ್ತದೆ. ಇಷ್ಟಾಗಿಯೂ ಮೌಂಟಿಂಗುಗಳಿಗೆ ಸಹಜ ರಬ್ಬರನ್ನೇ ಹೆಚ್ಚಾಗಿ ಬಳಸುವುದಕ್ಕೆ ಕಾರಣವುಂಟು. ಬಲವಾಗಿ ಎಳೆದಾಗ ಅದರ ಅಣುಸರಪಳಿಗಳು ಸಾಲುಗಟ್ಟಿ ಹರಳಿನ ರೂಪ ತಾಳುವುದರಿಂದ ಬಿರುಕು ಮುಂದುವರಿಯುವುದು ಕಷ್ಟ. ಕುಂದಾಪುರ-ಬೈಂದೂರು ಕಡೆಯ ಜಡ್ಕಲ್, ಮುದೂರುಗಳ ತೋಟಗಳಲ್ಲಿ ಮುಂಜಾನೆ ಕೆತ್ತಿದ ಮರದಿಂದ ಚಿಪ್ಪಿಗೆ ಇಳಿಯುವ ಹಾಲಿನಲ್ಲಿಯೇ ಈ ಗುಣ ಅಡಗಿದೆ.

ಕರಾವಳಿಯಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ, ಅದನ್ನು ನಾವು ಮುಖ್ಯವೆಂದು ಎಣಿಸುತ್ತೇವೆ. ಮೌಂಟಿಂಗೆಂದರೆ ರಬ್ಬರು ಮಾತ್ರವಲ್ಲ. ಉಕ್ಕಿನ ತಗಡಿಗೆ ಅಂಟಿಸಿದ ರಬ್ಬರು. ಬಾರ್ಕೂರಿನ ಸುತ್ತ ಸೀತಾನದಿಯ ನೀರು ಉಪ್ಪಾಗಿರುವ ಪ್ರದೇಶ ದೂರವೇನಿಲ್ಲ. ಹಂಗಾರಕಟ್ಟೆಯ ಅಳಿವೆಯ ಗಾಳಿ ಒಳನಾಡಿಗೂ ಬೀಸುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಜಿಲ್ಲೆಯಲ್ಲಿ ಗಾಡಿಯ ಅಡಿಭಾಗ ನಾಲ್ಕು ತಿಂಗಳು ಒಣಗುವುದೇ ಇಲ್ಲ. ತಗಡಿನ ಅಂಚಿನಲ್ಲಿ ಹುಟ್ಟಿದ ತುಕ್ಕು ಅಂಟಿನ ಕೆಳಗೆ ನುಗ್ಗಿ ರಬ್ಬರನ್ನು ಎಬ್ಬಿಸುತ್ತದೆ. ರಬ್ಬರು ಇನ್ನೂ ಜೀವಂತವಾಗಿರುವಾಗಲೇ ಮೌಂಟಿಂಗು ಸತ್ತಿರುತ್ತದೆ; ಮೇಲಿನಿಂದ ನೋಡಿದವರಿಗೆ ಇದು ಕಾಣುವುದಿಲ್ಲ. ತಗ್ಗಾದ ಕ್ರೀಡಾಗಾಡಿಯಲ್ಲಿ ಈ ತೊಂದರೆ ಇಮ್ಮಡಿ: ಅದರ ಹೊಟ್ಟೆ ನೆಲಕ್ಕೆ ಹತ್ತಿರ, ರಸ್ತೆಯ ನೀರು ನೇರವಾಗಿ ಮೇಲೆರಚುತ್ತದೆ, ಉಬ್ಬುಗಳಲ್ಲಿ ಪೆಟ್ಟೂ ತಗಲುತ್ತದೆ.

ನಾವು ಬಾರ್ಕೂರಿನಲ್ಲಿ ಪರೀಕ್ಷಿಸಿದ ಎರಡಾಸನದ ಗಾಡಿಯೊಂದರ ಲಕ್ಷಣಗಳು ಹೀಗಿದ್ದವು: ಮೊದಲ ಗೇರಿನಲ್ಲಿ ಹೊರಡುವಾಗ ‘ಟಕ್’ ಎಂಬ ಒಂದೇ ಪೆಟ್ಟು, ವೇಗವರ್ಧಕದಿಂದ ಕಾಲು ತೆಗೆದೊಡನೆ ಅದೇ ಪೆಟ್ಟು ಮತ್ತೊಮ್ಮೆ, ಗೇರಿನ ಕೋಲು ತಾನಾಗಿ ಹಿಂದುಮುಂದಕ್ಕೆ ಆಡುವುದು, ಏರಿನಲ್ಲಿ ಒಮ್ಮೊಮ್ಮೆ ಗೇರು ಜಾರುವುದು. ಗೇರುಪೆಟ್ಟಿಗೆಯನ್ನು ಇಳಿಸಿ ಬಿಚ್ಚಬೇಕೆಂಬ ಸಲಹೆ ಅದರ ಮಾಲೀಕರಿಗೆ ಅದಾಗಲೇ ದೊರೆತಿತ್ತು. ಆದರೆ ಪೆಟ್ಟು ಬಲದ ದಿಕ್ಕು ಬದಲಾದಾಗ ಒಮ್ಮೆ ಮಾತ್ರ ಕೇಳಿಸುತ್ತಿತ್ತು. ಹಲ್ಲು ಮುರಿದಿದ್ದರೆ ಸದ್ದು ಸುತ್ತಿಗೊಮ್ಮೆ ಬರಬೇಕು. ಅಚ್ಚಿನ ಕೀಲು ಸವೆದಿದ್ದರೆ ಗಾಡಿ ತಿರುಗುವಾಗ ಕಟಕಟನೆ ಕೇಳಬೇಕು. ಎರಡೂ ಇಲ್ಲದ ಮೇಲೆ ಇಡೀ ಗಡ್ಡೆಯೇ ಹೊರಳುತ್ತಿದೆಯೆಂದು ಊಹಿಸುವುದು ನ್ಯಾಯವಾಗಿತ್ತು. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಕೈಬ್ರೇಕು ಎಳೆದು, ಕ್ಲಚ್ಚನ್ನು ತುಸುವೇ ಬಿಟ್ಟಾಗ ಗೇರುಪೆಟ್ಟಿಗೆಯ ಬದಿ ಎದ್ದು ಬಿದ್ದದ್ದು ಕಣ್ಣಿಗೇ ಕಂಡಿತು. ಈ ಪರೀಕ್ಷೆಯ ವೇಳೆ ನೋಡುವವರು ಗಾಡಿಯ ಪಕ್ಕದಲ್ಲಿ ನಿಲ್ಲಬೇಕು. ಮುಂದೆಯಾಗಲಿ ಹಿಂದೆಯಾಗಲಿ ಎಂದಿಗೂ ನಿಲ್ಲಬಾರದು.

ಬದಲಾಯಿಸುವ ಕ್ರಮ ಸರಳವಾದರೂ ಪ್ರಾಣಕ್ಕೆ ಸಂಬಂಧಿಸಿದ ಒಂದು ನಿಯಮವುಂಟು. ಜಾಕಿಯು ಗಾಡಿಯನ್ನು ಎತ್ತುವುದಕ್ಕೆ ಮಾತ್ರ. ಎತ್ತಿದ ಗಾಡಿಯನ್ನು ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸದೆ ಯಾರೂ ಕೆಳಗೆ ನುಸುಳಬಾರದು. ಮೆದು ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುವುದರಿಂದ ಗಟ್ಟಿ ನೆಲವೇ ಬೇಕು. ಬ್ಯಾಟರಿಯ ತಂತಿಯನ್ನು ಕಳಚಿದ ಮೇಲೆ ಗೇರುಪೆಟ್ಟಿಗೆಯ ಕೆಳಗೆ ಇನ್ನೊಂದು ಜಾಕಿಯನ್ನಿಟ್ಟು, ನಡುವೆ ಮರದ ಹಲಗೆ ಕೊಟ್ಟು, ಭಾರ ಅದರ ಮೇಲೆ ಬರುವಷ್ಟು ಮಾತ್ರ ಎತ್ತಬೇಕು. ಎಣ್ಣೆಯ ತಟ್ಟೆಯ ತಗಡಿಗೆ ಜಾಕಿ ಕೊಡಕೂಡದು. ಅನಂತರವೇ ಮೌಂಟಿಂಗಿನ ಬೋಲ್ಟುಗಳನ್ನು ಸಡಿಲಿಸುವುದು. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರೆ ಒಳ್ಳೆಯದು. ಆದರೆ ಆ ಎಣ್ಣೆ ಹೊಸ ರಬ್ಬರಿಗೆ ತಾಗದಂತೆ ಒರೆಸಬೇಕು. ಗಡ್ಡೆಯನ್ನು ಅಗತ್ಯಕ್ಕಿಂತ ಕೆಳಗಿಳಿಸಿದರೆ ಹೊಗೆನಳಿಗೆ, ನೀರಿನ ಕೊಳವೆ, ಅಚ್ಚಿನ ಕೀಲು ಇವೆಲ್ಲ ಜಗ್ಗಿಕೊಳ್ಳುತ್ತವೆ.

ಹಲವರು ಗಮನಿಸದ ಅಂಶವೊಂದು ಬಿಗಿಯುವ ಕ್ರಮದಲ್ಲಿದೆ. ಹೊಸ ಮೌಂಟಿಂಗಿನ ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದಲೇ ಸೇರಿಸಿ, ಜಾಕಿಯನ್ನು ಇಳಿಸಿ, ಎಂಜಿನ್ನಿನ ಭಾರ ರಬ್ಬರಿನ ಮೇಲೆ ತಾನಾಗಿ ಕುಳಿತ ಮೇಲೆಯೇ ತಯಾರಕರು ಹೇಳಿದ ಅಳತೆಗೆ ಬಿಗಿಯಬೇಕು. ಎತ್ತಿ ಹಿಡಿದಿರುವಾಗಲೇ ಬಿಗಿದರೆ ರಬ್ಬರು ಹುಟ್ಟುವಾಗಲೇ ತಿರುಚಿಕೊಂಡಂತಾಗಿ, ನಿಂತ ಗಾಡಿಯಲ್ಲಿಯೂ ಎಳೆತಕ್ಕೆ ಒಳಗಾಗಿರುತ್ತದೆ. ಒಂದು ಮೌಂಟಿಂಗು ಸತ್ತಿದ್ದ ಕಾಲದಲ್ಲಿ ಉಳಿದವು ಅದರ ಪಾಲನ್ನೂ ಹೊತ್ತಿರುತ್ತವೆ. ಆದ್ದರಿಂದ ಅವನ್ನೂ ಅದೇ ದಿನ ಸನ್ನೆಕೋಲಿನಿಂದ ಮೆಲ್ಲಗೆ ಮೀಟಿ ನೋಡುವುದು ಯುಕ್ತ.

ಹೊಸ ಭಾಗ ಸಿಗದಿದ್ದಾಗ ಏನು ಮಾಡಬೇಕು? ಇದು ಕೇವಲ ಊಹೆಯ ಪ್ರಶ್ನೆಯಲ್ಲ. ನಾರುಗಾಜಿನ ಮೈಯ, ರೆನೋ ಮೂಲದ ಎಂಜಿನ್ನಿನ ‘ಸ್ಟಾರ್ಮ್’ ಎಂಬ ಎರಡಾಸನದ ಗಾಡಿಯನ್ನು ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆ ತಯಾರಿಸುತ್ತಿತ್ತು. ಆ ತಯಾರಿಕೆ ನಿಂತಿದೆ. ಇಂಥ ವಿರಳ ಗಾಡಿಗಳ ಒಡೆಯರಿಗೆ ಪೇಟೆಯಲ್ಲಿ ಮೊದಲು ದೊರೆಯುವ ಸಲಹೆಯೆಂದರೆ ಪಾಲಿಯುರಿಥೇನಿನ ತುಂಡನ್ನು ಕಡೆಸಿ ಹಾಕುವುದು, ಇಲ್ಲವೇ ಬಿರುಕುಗಳಿಗೆ ಅಂಟು ತುಂಬುವುದು. ಅಂಟು ತುಂಬಿದ್ದು ನಿಲ್ಲುವುದಿಲ್ಲ. ಪಾಲಿಯುರಿಥೇನು ಎಣ್ಣೆಗೆ ಜಗ್ಗದು, ತಿರುಚನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಮೌಂಟಿಂಗಿನ ರಬ್ಬರು ಶೋರ್ ಮಾಪಕದಲ್ಲಿ ಸಾಮಾನ್ಯವಾಗಿ 45ರಿಂದ 60ರ ನಡುವೆ ಇದ್ದರೆ ಈ ತುಂಡುಗಳು ಹೆಚ್ಚಾಗಿ 80ನ್ನು ಮೀರಿರುತ್ತವೆ. ಮೇಲೆ ಕೊಟ್ಟ ಲೆಕ್ಕದ ಎರಡನೆಯ ಸ್ಥಿತಿಗೆ ಗಾಡಿ ಬಂದು ನಿಲ್ಲುವುದು ಹೀಗೆಯೇ. ಪೆಟ್ಟು ಹೋಗುತ್ತದೆ, ನಡುಕ ಬರುತ್ತದೆ. ಆ ನಡುಕ ಮೌಂಟಿಂಗು ಕೂತಿರುವ ಮೈಯ ಬೆಸುಗೆಗಳನ್ನು ಮೆಲ್ಲಮೆಲ್ಲನೆ ತಿನ್ನತೊಡಗುತ್ತದೆ. ನಮ್ಮ ಅಭಿಪ್ರಾಯದಲ್ಲಿ, ಹಳೆಯ ಉಕ್ಕಿನ ಕವಚ ಗಟ್ಟಿಯಾಗಿದ್ದರೆ ಅದನ್ನು ಶುದ್ಧಗೊಳಿಸಿ, ಅದೇ ಗಡಸಿನ ಸಹಜ ರಬ್ಬರನ್ನು ಅಚ್ಚಿನಲ್ಲಿ ಬೇಯಿಸಿ ಅಂಟಿಸಬಲ್ಲ ರಬ್ಬರು ಕಾರ್ಖಾನೆಯವರಲ್ಲಿಗೆ ಒಯ್ಯುವುದೇ ಮೇಲು. ಗಡಸನ್ನು ಅಳೆಯುವಾಗ ಕಾದು ಪೆಡಸಾದ ಹೊರಮೈಯನ್ನು ಬಿಟ್ಟು ತುಂಡಿನ ಒಳಭಾಗವನ್ನು ಕೊಯ್ದು ಅಳೆಯಬೇಕು.

ಬಾರ್ಕೂರಿನ ಗಾಡಿಗೆ ಮೂಲ ಬಗೆಯ ಮೌಂಟಿಂಗೇ ದೊರೆಯಿತು. ಬದಲಾಯಿಸಿದ ಮೇಲೆ ಪೆಟ್ಟೂ ಗೇರಿನ ಜಾರುವಿಕೆಯೂ ನಿಂತವು. ನಿಂತಲ್ಲಿಯ ಒಂದು ಸಣ್ಣ ನಡುಕ ಉಳಿದಿತ್ತು. ಗಡ್ಡೆ ತನ್ನ ಮೊದಲಿನ ಎತ್ತರಕ್ಕೆ ಬಂದದ್ದರಿಂದ ಹೊಗೆನಳಿಗೆ ಅಡ್ಡಪಟ್ಟಿಗೆ ತಾಗುತ್ತಿದ್ದುದೇ ಅದರ ಕಾರಣವಾಗಿದ್ದಿತು. ನಳಿಗೆಯ ತೂಗುಪಟ್ಟಿಯನ್ನು ಸರಿಪಡಿಸಿದೊಡನೆ ಅದೂ ಇಲ್ಲವಾಯಿತು. ತೆಗೆದ ಹಳೆಯ ಮೌಂಟಿಂಗನ್ನು ಕೊಯ್ದು ನೋಡಿದಾಗ ರಬ್ಬರಿನ ಒಳಭಾಗ ಕಪ್ಪಾಗಿ ಮೃದುವಾಗಿಯೇ ಇತ್ತು. ತಗಡಿಗೆ ಅಂಟಿಕೊಂಡಿದ್ದ ಮೈಯ ಮುಕ್ಕಾಲು ಪಾಲು ಮಾತ್ರ ಕೆಂಪು ತುಕ್ಕಿನ ಪುಡಿಯಿಂದ ತುಂಬಿತ್ತು.