ಹುಳು ಸತ್ತದ್ದು ಯಾವುದರಿಂದ?

ಹತ್ತಿ ಹೊಲಕ್ಕೆ ಎಣ್ಣೆ ಹೊಡೆದು ನಾಲ್ಕು ದಿನ ಬಿಟ್ಟು ಹೋಗಿ ನೋಡಿದರೆ ಕಾಯಿಕೊರಕದ ಹುಳುಗಳು ಕಡಿಮೆಯಾಗಿವೆ. (ಉತ್ತರ ಕರ್ನಾಟಕದ ರೈತರ ಬಾಯಲ್ಲಿ ಕೀಟನಾಶಕವೆಂದರೆ ‘ಎಣ್ಣೆ’. ಉಳಿದ ಕಡೆ ಅದು ‘ಔಷಧ’. ವಿಷವನ್ನು ವಿಷ ಎನ್ನಲು ಯಾಕೋ ಎಲ್ಲರಿಗೂ ಸಂಕೋಚ.) ಅವು ಸತ್ತದ್ದು ಎಣ್ಣೆಯಿಂದಲೇ ಎಂದು ಹೇಳುವುದು ಹೇಗೆ? ನಡುವೆ ಜೋರು ಮಳೆ ಬಂದು ಎಳೆಯ ಮರಿಗಳು ತೊಳೆದುಹೋಗಿರಬಹುದು. ಕಣಜ, ಜೇಡ, ಗುಲಗಂಜಿ ಹುಳುಗಳು ತಮ್ಮ ಪಾಲು ತಿಂದಿರಬಹುದು. ಅಥವಾ ಎರಡು ಮೂರು ವಾರ ಮೊಗ್ಗು ಕಾಯಿ ತಿಂದು ಬಲಿತ ಹುಳುಗಳು ಕೋಶ ಕಟ್ಟಲು ತಾವಾಗಿಯೇ ಮಣ್ಣಿಗೆ ಇಳಿದಿರಬಹುದು. ರೈತ ಮಾತ್ರ ಎಣ್ಣೆಯ ಡಬ್ಬಿಯನ್ನು ಮೆಚ್ಚಿ, ಮುಂದಿನ ಸಲವೂ ಅದನ್ನೇ ಕೊಳ್ಳುತ್ತಾನೆ.

ಈ ಅನುಮಾನ ಬಗೆಹರಿಸುವ ಉಪಾಯ ಸರಳ. ಹೊಲದ ಒಂದಿಷ್ಟು ಜಾಗಕ್ಕೆ ಏನನ್ನೂ ಹೊಡೆಯದೆ ಬಿಡಬೇಕು. ಧಾರವಾಡವಿರಲಿ, ರಾಯಚೂರಿರಲಿ, ಯಾವ ಕೃಷಿ ಸಂಶೋಧನಾ ಕೇಂದ್ರದಲ್ಲಾದರೂ ಹತ್ತಿಯ ಕೀಟನಾಶಕ ಪರೀಕ್ಷೆ ನಡೆಯುವಾಗ ಚೌಕ ಚೌಕವಾಗಿ ಕತ್ತರಿಸಿದ ತಾಕುಗಳ ನಡುವೆ ಇಂಥ ಅನಾಥ ತಾಕು ಇದ್ದೇ ಇರುತ್ತದೆ. ಉಳಿದವುಗಳ ಯೋಗ್ಯತೆಯನ್ನೆಲ್ಲ ಅಳೆಯುವುದು ಅದರ ಮುಂದಿಟ್ಟೇ. ಅಮೆರಿಕದ ಕೀಟತಜ್ಞ ಡಬ್ಲ್ಯು. ಎಸ್. ಆಬಟ್ 1925ರಲ್ಲಿ ಇದಕ್ಕೊಂದು ಲೆಕ್ಕ ಹೇಳಿಕೊಟ್ಟರು. ವಿಷ ತಗುಲಿದ 100 ಹುಳುಗಳಲ್ಲಿ 82 ಸತ್ತವು, ವಿಷ ತಗುಲದ 100ರಲ್ಲೂ 10 ಸತ್ತವು ಎನ್ನಿ. ಹಾಗಾದರೆ ವಿಷ ಇಲ್ಲದಿದ್ದರೆ ಬದುಕುತ್ತಿದ್ದವು 90. ಅವುಗಳಲ್ಲಿ ವಿಷ ಕೊಂದದ್ದು 72. ಕೀಟನಾಶಕದ ನಿಜವಾದ ಸಾಧನೆ 82 ಅಲ್ಲ, ಶೇಕಡಾ 80. ಇಲ್ಲಿ ವ್ಯತ್ಯಾಸ ಚಿಕ್ಕದು. ಆದರೆ ವಿಷವಿಲ್ಲದೆಯೂ ಅರ್ಧಕ್ಕರ್ಧ ಹುಳು ಸಾಯುವ ವಾರದಲ್ಲಿ ಇದೇ ಲೆಕ್ಕ ಎಷ್ಟೋ ಡಬ್ಬಿಗಳ ಬಣ್ಣ ಬಯಲು ಮಾಡುತ್ತದೆ.

ಯಾವ ತಾಕಿಗೆ ಯಾವ ಎಣ್ಣೆ ಎಂಬುದನ್ನು ವಿಜ್ಞಾನಿ ತನ್ನಿಚ್ಛೆಯಂತೆ ಆರಿಸುವಂತಿಲ್ಲ, ಚೀಟಿ ಎತ್ತಿ ನಿರ್ಧರಿಸಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ 1920ರ ದಶಕದಲ್ಲಿ ರೊನಾಲ್ಡ್ ಫಿಶರ್ ರೂಪಿಸಿದ ನಿಯಮ ಇದು. ಎರೆ ಭೂಮಿ ನೋಡಲು ಒಂದೇ ಸಮನಾಗಿದ್ದರೂ ಒಂದು ಮೂಲೆಯಲ್ಲಿ ತೇವ ಹೆಚ್ಚು, ಒಂದು ಬದಿಗೆ ತೊಗರಿ ಹೊಲ. ತೊಗರಿಯೂ ಅದೇ ಕಾಯಿಕೊರಕಕ್ಕೆ ಪ್ರಿಯ. ತನಗೆ ಬೇಕಾದ ಎಣ್ಣೆಯನ್ನು ಒಳ್ಳೆಯ ಮೂಲೆಗೆ ಹಾಕುವ ಆಸೆ, ತಿಳಿದೋ ತಿಳಿಯದೆಯೋ, ಮನುಷ್ಯಮಾತ್ರರಿಗೆ ಇದ್ದದ್ದೇ. ಆದ್ದರಿಂದಲೇ ಚೀಟಿ. ಒಂದೊಂದು ಎಣ್ಣೆಗೂ ಮೂರು ನಾಲ್ಕು ತಾಕು. ಗಾಳಿಗೆ ಒಂದರ ಹನಿ ಇನ್ನೊಂದಕ್ಕೆ ಹಾರದಂತೆ ನಡುವೆ ಬಿಟ್ಟ ಸಾಲುಗಳು.

ಇನ್ನು ಎಣಿಕೆ. ಸಿಂಪಡಿಸುವ ಹಿಂದಿನ ದಿನ ಒಮ್ಮೆ, ಆಮೇಲೆ ಒಂದು, ಮೂರು, ಏಳು, ಹತ್ತನೆಯ ದಿನಗಳಲ್ಲಿ ಪ್ರತಿ ತಾಕಿನ ಐದೋ ಹತ್ತೋ ಗಿಡಗಳನ್ನು ಬುಡದಿಂದ ತುದಿಯವರೆಗೆ ಬಗ್ಗಿ ನೋಡಬೇಕು. ಹುಳು ಮೊಗ್ಗಿನ ಹೊದಿಕೆಯೊಳಗೆ ಅಡಗಿರುತ್ತದೆ. ಗುಲಾಬಿ ಕಾಯಿಕೊರಕವಂತೂ ಮೊಟ್ಟೆಯೊಡೆದು ಬಂದ ಕೆಲವೇ ಹೊತ್ತಿನಲ್ಲಿ ಕಾಯಿಯೊಳಗೆ ಹೊಕ್ಕುಬಿಡುತ್ತದೆ. ಅದನ್ನು ಎಣಿಸಲು ಹಸಿರು ಕಾಯಿಗಳನ್ನು ಕಿತ್ತು ಸೀಳಿಯೇ ನೋಡಬೇಕು. ಕೊನೆಗೆ ಉದುರಿದ ಮೊಗ್ಗು, ಕೆಟ್ಟ ಕಾಯಿ, ಹತ್ತಿಯ ತೂಕ, ಖರ್ಚು ಎಲ್ಲವನ್ನೂ ಕೂಡಿಸಿ ಕಳೆಯಬೇಕು. ಹುಳು ಸತ್ತು ಇಳುವರಿ ಏರದಿದ್ದರೆ ರೈತನಿಗೆ ಬಂದದ್ದೇನು? ಒಂದೇ ಹಂಗಾಮಿನ, ಒಂದೇ ಊರಿನ ಫಲಿತಾಂಶವನ್ನು ಯಾರೂ ನೆಚ್ಚುವುದಿಲ್ಲ. ಬೇರೆ ಬೇರೆ ಊರುಗಳಲ್ಲಿ ಮತ್ತೆ ಮತ್ತೆ ನೋಡಿದ ಮೇಲೆಯೇ ಶಿಫಾರಸು.

ಇಷ್ಟೆಲ್ಲ ಜರಡಿ ಹಿಡಿದು ಬಂದ ಎಣ್ಣೆಯೂ ಹೊಲದಲ್ಲಿ ಸೋಲುವುದುಂಟು. ಫಿಶರ್ ದುಡಿದ ಅದೇ ರಾಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ಅವರ ತಂಡ 1973ರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಪ್ರಕಟಿಸಿತು. ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿರುವ ವಿಷದ ಅನುಕರಣೆ ಅದು. ಸೈಪರ್‌ಮೆಥ್ರಿನ್, ಫೆನ್‌ವಾಲರೇಟ್, ಡೆಲ್ಟಾಮೆಥ್ರಿನ್ ಅದೇ ಪೈರೆಥ್ರಾಯ್ಡ್ ವಂಶದವು. ಡಿಡಿಟಿ ಹೆಕ್ಟೇರಿಗೆ ಕಿಲೋ ಲೆಕ್ಕದಲ್ಲಿ ಬೇಕಾದರೆ, ಇವು ಗ್ರಾಮುಗಳಲ್ಲೇ ಕೆಲಸ ಮುಗಿಸುತ್ತಿದ್ದವು. 1980ರ ಸುಮಾರಿಗೆ ಭಾರತದ ಹತ್ತಿ ಹೊಲಗಳಿಗೆ ಇವು ಬಂದಾಗ ತಾಕುಗಳ ಅಂಕಿಅಂಶ ನಿಜಕ್ಕೂ ಕಣ್ಣು ಕುಕ್ಕುವಂತಿತ್ತು.

ಆಂಧ್ರದ ಗುಂಟೂರು, ಪ್ರಕಾಶಂ ಸೀಮೆಯ ಹತ್ತಿ ಬೆಳೆಗಾರರು ಇವನ್ನು ಬಿಡದೆ ಬಳಸಿದರು. 1987ರ ಹಂಗಾಮಿನಲ್ಲಿ ಹೆಲಿಕೋವರ್ಪ ಎಂಬ ಕಾಯಿಕೊರಕ ಯಾವುದಕ್ಕೂ ಜಗ್ಗಲಿಲ್ಲ. ಒಂದು ಸಲಕ್ಕೆ ಸಾಯದಿದ್ದಾಗ ಮತ್ತೊಂದು ಸಲ, ಎರಡು ಎಣ್ಣೆ ಬೆರೆಸಿ ಇನ್ನೊಂದು ಸಲ, ಸಾಲ ತಂದು ಮಗದೊಂದು ಸಲ ಹೊಡೆದರು. ಬೆಳೆ ಹೋಯಿತು, ಸಾಲ ಉಳಿಯಿತು. ಕೆಲವು ರೈತರು ಜೀವವನ್ನೇ ಕಳೆದುಕೊಂಡರು. ಎಣ್ಣೆ ಕಲಬೆರಕೆ ಎಂದು ಹಲವರು ದೂರಿದರು. ಕಲಬೆರಕೆ ಇದ್ದಿರಲೂಬಹುದು, ಆದರೆ ಅಲ್ಲಿನ ಹುಳುಗಳನ್ನೇ ಹಿಡಿದು ಪ್ರಯೋಗಾಲಯದಲ್ಲಿ ಶುದ್ಧ ಸೈಪರ್‌ಮೆಥ್ರಿನ್ ಮುಟ್ಟಿಸಿ ನೋಡಿದಾಗಲೂ ಅವು ಸಾಯಲಿಲ್ಲ.

ಹಾಗಾದರೆ ತಾಕಿನ ಪರೀಕ್ಷೆ ಸುಳ್ಳು ಹೇಳಿತೇ? ಇಲ್ಲ, ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿತ್ತು. ಈ ಎಣ್ಣೆ ಈ ಹುಳುವನ್ನು ಹತ್ತು ದಿನದಲ್ಲಿ ಕೊಲ್ಲುತ್ತದೆಯೇ ಎಂಬುದಷ್ಟೇ ಆ ಪ್ರಶ್ನೆ. ತಾಕು ಎಂದರೆ ಒಂದು ಮನೆಯ ಹಜಾರದಷ್ಟು ಜಾಗ. ಅದರ ಸುತ್ತ ಬೇರೆ ಎಣ್ಣೆ ಹೊಡೆದ, ಏನೂ ಹೊಡೆಯದ ಜಾಗಗಳಿವೆ. ಇಲ್ಲಿ ಸತ್ತ ಗುಲಗಂಜಿ ಹುಳುವಿನ ಜಾಗಕ್ಕೆ ಪಕ್ಕದ ತಾಕಿನಿಂದ ಇನ್ನೊಂದು ಬರುತ್ತದೆ. ಇಲ್ಲಿ ವಿಷಕ್ಕೆ ಬಗ್ಗದೆ ಉಳಿದ ಒಂದೋ ಎರಡೋ ಹುಳು ಪತಂಗವಾಗಿ, ರಾತ್ರಿ ಹಾರಿ, ಎಲ್ಲೆಲ್ಲಿಂದಲೋ ಬಂದ ಸಾಮಾನ್ಯ ಪತಂಗಗಳ ಜೊತೆ ಕೂಡುತ್ತದೆ. ಅದರ ಬಲ ಸಂತತಿಯಲ್ಲಿ ಕರಗಿಹೋಗುತ್ತದೆ. ಇಡೀ ಜಿಲ್ಲೆಯೇ ಒಂದೇ ಎಣ್ಣೆ ಹೊಡೆಯತೊಡಗಿದರೆ ಕೂಡಲು ಸಿಗುವುದು ಬದುಕುಳಿದವುಗಳಿಗೆ ಬದುಕುಳಿದವುಗಳೇ. ಅಂಥ ಜಿಲ್ಲೆಯನ್ನು ತಾಕಿನಲ್ಲಿ ಕಟ್ಟಿ ತೋರಿಸಲಾಗದು.

ಇದು ಯಾರೂ ಮುನ್ನೋಡದ ಅನಾಹುತವೇನೂ ಆಗಿರಲಿಲ್ಲ ಎಂಬುದೇ ಹೊಟ್ಟೆ ಉರಿಸುವ ಸಂಗತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಎಮರಾಲ್ಡ್ ಎಂಬಲ್ಲಿ ಇದೇ ಹುಳು ಇದೇ ಎಣ್ಣೆಗೆ 1983ರಲ್ಲೇ ಸಡ್ಡು ಹೊಡೆದಿತ್ತು. ಅಲ್ಲಿಯವರು ಅದೇ ವರ್ಷ ಕಟ್ಟುಪಾಡು ಮಾಡಿಕೊಂಡರು: ಪೈರೆಥ್ರಾಯ್ಡ್ ಬಳಸುವುದು ಹಂಗಾಮಿನ ನಡುವಿನ ಕೆಲವೇ ವಾರ, ಉಳಿದ ದಿನ ಮುಟ್ಟುವಂತಿಲ್ಲ. ಗುಂಟೂರಿಗೆ ಆ ಪಾಠ ನಾಲ್ಕು ವರ್ಷವಾದರೂ ತಲುಪಲಿಲ್ಲ.

ಗುಂಟೂರಿನ ನಂತರ ನಮ್ಮಲ್ಲೂ ಇನ್ನೊಂದು ಬಗೆಯ ಪರೀಕ್ಷೆ ಬೇರೂರಿತು. ಹೊಲದಿಂದ ತಂದ, 30ರಿಂದ 40 ಮಿಲಿಗ್ರಾಂ ತೂಗುವ ಮರಿಹುಳುವಿನ ಬೆನ್ನ ಮೇಲೆ ಒಂದು ಹನಿ ಇಡುತ್ತಾರೆ. ಅದರಲ್ಲಿ ಸೈಪರ್‌ಮೆಥ್ರಿನ್ ಇರುವುದು ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಹತ್ತನೇ ಒಂದರಷ್ಟು. ಮಾಮೂಲಿ ಹುಳು ಇಷ್ಟಕ್ಕೇ ಸಾಯಬೇಕು. ನೂರಕ್ಕೆ ಎಷ್ಟು ಬದುಕಿದವು ಎಂಬುದೇ ಆ ಸೀಮೆಯ ಹುಳುಗಳ ಜಾತಕ. ಸಾಯದ ಹುಳುವಿನ ಗುಟ್ಟನ್ನೂ ಹೀಗೆಯೇ ಬಿಡಿಸಬಹುದು. ವಿಷವನ್ನು ಮುರಿದು ಹಾಕುವ ಕಿಣ್ವಗಳ ಕೈ ಕಟ್ಟುವ ಪೈಪರೊನಿಲ್ ಬ್ಯೂಟಾಕ್ಸೈಡ್ ಎಂಬ ವಸ್ತುವನ್ನು ಮೊದಲು ಕೊಟ್ಟು, ಆಮೇಲೆ ವಿಷ ಕೊಟ್ಟಾಗ ಸತ್ತರೆ, ಆ ಕಿಣ್ವಗಳೇ ಅದನ್ನು ಕಾಪಾಡುತ್ತಿದ್ದವು ಎಂದರ್ಥ. ಸೇವಂತಿಗೆ ಬಳಗದ ಆ ಹೂವಿನ ವಿಷಕ್ಕೆ ಹೀಗೆ ಬಲ ಕೊಡುವ ಗುಣ ನಮ್ಮ ಎಳ್ಳೆಣ್ಣೆಗೂ ಇದೆ ಎಂಬುದು 1940ರಲ್ಲೇ ಗೊತ್ತಾಗಿತ್ತು.

2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ವಿಷ ಡಬ್ಬಿಯಿಂದ ಗಿಡದೊಳಗೆ ಸೇರಿತು. ಹೆಲಿಕೋವರ್ಪದ ಕಾಟ ತಗ್ಗಿದ್ದು ನಿಜ. ಸಿಂಪಡಿಸದ ತಾಕನ್ನು ಹೋಲುವ ಒಂದು ಏರ್ಪಾಡು ಇಲ್ಲೂ ಇತ್ತು: ಬಿಟಿ ಬೀಜದ ಪೊಟ್ಟಣದ ಜೊತೆ 120 ಗ್ರಾಂ ಮಾಮೂಲಿ ಹತ್ತಿ ಬೀಜ. ಹೊಲದ ಅಂಚಿಗೆ ಅದನ್ನು ಬಿತ್ತಿ, ಸಾಮಾನ್ಯ ಹುಳುಗಳಿಗೆ ಆಸರೆ ಕೊಡಿ, ಬದುಕುಳಿದ ಗಟ್ಟಿ ಹುಳುಗಳಿಗೆ ಕೂಡಲು ಅವು ಸಿಗಲಿ ಎಂಬುದು ಲೆಕ್ಕಾಚಾರ. ಹುಳು ಸಾಕಲು ಜಾಗ ಬಿಡುವ ರೈತ ಎಲ್ಲಿದ್ದಾನೆ? ಬಹುಪಾಲು ಪೊಟ್ಟಣಗಳು ಬದುವಿನ ಮೇಲೇ ಉಳಿದವು. ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ಬಿಟಿ ವಿಷವನ್ನು ಜೀರ್ಣಿಸಿಕೊಂಡಿದೆ ಎಂದು 2010ರಲ್ಲಿ ಕಂಪನಿಯೇ ಒಪ್ಪಿತು. ಕೆಲವೇ ವರ್ಷಗಳಲ್ಲಿ ಎರಡು ವಿಷಗಳ ಬಿಟಿಯೂ ಆ ಹುಳುವಿನ ಮುಂದೆ ಸೋತಿತು.

ಈಗ ಹತ್ತಿ ಸೀಮೆಗಳಲ್ಲಿ ಮೋಹಕ ಬಲೆಗಳನ್ನು ನೇತುಹಾಕುತ್ತಾರೆ. ಒಂದು ಬಲೆಗೆ ರಾತ್ರಿಗೆ ಎಂಟರಂತೆ ಸತತ ಮೂರು ರಾತ್ರಿ ಗುಲಾಬಿ ಕಾಯಿಕೊರಕದ ಪತಂಗ ಬಿದ್ದರೆ ಮಾತ್ರ ಎಣ್ಣೆಯ ಯೋಚನೆ ಮಾಡಿ ಎನ್ನುತ್ತದೆ ಶಿಫಾರಸು. ಅದಕ್ಕೆ ಮೊದಲು ಇಪ್ಪತ್ತು ಹಸಿರು ಕಾಯಿ ಕಿತ್ತು ಸೀಳಿ ನೋಡಬೇಕು. ಎರಡರಲ್ಲಿ ಬಿಳಿಯೋ ಗುಲಾಬಿಯೋ ಹುಳು ಸಿಕ್ಕರೆ ಪಂಪು ಹೆಗಲಿಗೇರಿಸುವ ಹೊತ್ತು ಬಂದಿದೆ ಎಂದರ್ಥ.