ಸೋಫಾ ಸಿಮ್‌ನದು, ಅಂಗಿ ಯಾರದು?

1991ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬೆಟ್ಟಗಳಿಗೆ ಬಿದ್ದ ಬೆಂಕಿ ಸಾವಿರಾರು ಮನೆಗಳನ್ನು ಸುಟ್ಟಿತು. ಅದರಲ್ಲಿ ವಿಲ್ ರೈಟ್ ಎಂಬ ಗೇಮ್ ವಿನ್ಯಾಸಕನ ಮನೆಯೂ ಒಂದು. ‘ಸಿಮ್‌ಸಿಟಿ’ಯಿಂದ ಆಗಲೇ ಹೆಸರು ಮಾಡಿದ್ದ ಆತ ಕಳೆದುಹೋದ ಸಾಮಾನುಗಳನ್ನು ಒಂದೊಂದಾಗಿ ಮತ್ತೆ ಕೊಳ್ಳಬೇಕಾಯಿತು. ಒಂದು ಮನೆಗೆ ನಿಜಕ್ಕೂ ಏನೇನು ಬೇಕು, ಯಾವ ವಸ್ತು ಯಾವ ಕೊರತೆಯನ್ನು ನೀಗುತ್ತದೆ ಎಂಬ ಆಗಿನ ಯೋಚನೆಯೇ 2000ದಲ್ಲಿ ‘ದಿ ಸಿಮ್ಸ್’ ಆಗಿ ಹೊರಬಂತು. ಮೊದಲಿಗೆ ಅದು ಮನೆ ಕಟ್ಟುವ ಆಟವಷ್ಟೇ ಆಗಬೇಕಿತ್ತು. ಕಟ್ಟಿದ ಮನೆ ವಾಸಕ್ಕೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಲು ಒಳಗೆ ಬಿಟ್ಟ ಪುಟ್ಟ ಮನುಷ್ಯರೇ ಆಮೇಲೆ ಆಟದ ಯಜಮಾನರಾದರು. ಅವರನ್ನು ಸಿಮ್‌ಗಳೆನ್ನುತ್ತಾರೆ. ಈ ಹುಟ್ಟಿನ ಗುರುತು ಆಟದಿಂದ ಇನ್ನೂ ಅಳಿಸಿಲ್ಲ. ಅಲ್ಲಿ ಹಾಸಿಗೆಗೆ ಬೆಲೆಯಿದೆ, ಫ್ರಿಜ್ಜಿಗೆ ಬೆಲೆಯಿದೆ, ಕಮೋಡಿಗೂ ಬೆಲೆಯಿದೆ. ಹೆಚ್ಚು ದುಡ್ಡು ಸುರಿದರೆ ಹೆಚ್ಚು ಸುಖ. ಕೊಂಡ ವಸ್ತುವಿನ ಬೆಲೆ ದಿನ ಕಳೆದಂತೆ ಇಳಿಯುತ್ತದೆ. ಬಿಲ್ಲು ಕಟ್ಟದಿದ್ದರೆ ಸಾಮಾನು ಎತ್ತಿಕೊಂಡು ಹೋಗುವವನೂ ಬಾಗಿಲಿಗೆ ಬರುತ್ತಾನೆ. ಅಮೆರಿಕದ ಮಧ್ಯಮವರ್ಗದ ಕೊಳ್ಳುಬಾಕತನಕ್ಕೆ ಹಿಡಿದ ಕನ್ನಡಿ ಎಂದು ಹಲವರು ಇದನ್ನು ಓದಿದ್ದು ಸುಮ್ಮನೆ ಅಲ್ಲ. ಆದರೆ ಎಲ್ಲಕ್ಕೂ ಬೆಲೆಚೀಟಿ ಅಂಟಿಸಿರುವ ಈ ಲೋಕದಲ್ಲಿ, ಇವತ್ತಿನ ರೂಪದಲ್ಲಿ, ಒಂದು ವಸ್ತು ಮಾತ್ರ ಬಿಟ್ಟಿ. ಅದು ಬಟ್ಟೆ.

2014ರಲ್ಲಿ ಬಂದ ‘ದಿ ಸಿಮ್ಸ್ 4’ರಲ್ಲಿ ಉಡುಪಿನ ಏರ್ಪಾಡು ಹೀಗಿದೆ. ದಿನನಿತ್ಯದ್ದು, ಸಮಾರಂಭದ್ದು, ವ್ಯಾಯಾಮದ್ದು, ಮಲಗುವಾಗಿನದು, ಪಾರ್ಟಿಯದು, ಈಜಿನದು ಎಂದು ಖಾನೆಗಳು. 2018ರಲ್ಲಿ ‘ಸೀಸನ್ಸ್’ ಎಂಬ ಹೆಚ್ಚುವರಿ ಪ್ಯಾಕ್ ಬಂದಮೇಲೆ ಬಿಸಿಲಿಗೊಂದು, ಚಳಿಗೊಂದು ಖಾನೆ ಸೇರಿದವು. ಒಂದೊಂದು ಖಾನೆಯಲ್ಲಿ ಐದು ಜೊತೆಯವರೆಗೆ ಜೋಡಿಸಿಡಬಹುದು. ಯಾವಾಗ ಯಾವುದನ್ನು ಹಾಕಬೇಕೆಂದು ಸಿಮ್‌ಗೆ ಹೇಳಿಕೊಡಬೇಕಿಲ್ಲ. ಹಾಸಿಗೆಗೆ ಹೊರಟರೆ ಮಲಗುವ ಬಟ್ಟೆ, ಕೊಳಕ್ಕೆ ಇಳಿಯಲು ಹೊರಟರೆ ಈಜುಡುಗೆ. ನಿಂತಲ್ಲೇ ಗಿರ್ರನೆ ಒಂದು ಸುತ್ತು ತಿರುಗಿದರೆ ಮೈಮೇಲಿನದೆಲ್ಲ ಬದಲು. ಈ ಗಿರಕಿ ಸರಣಿಯ ಮುದ್ರೆಯೇ ಆಗಿಬಿಟ್ಟಿದೆ. ಕಳಚಿದ ಬಟ್ಟೆ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಅಳತೆ ಎಂಬ ಮಾತೇ ಇಲ್ಲ. ಸಿಮ್ ತಿಂದು ದಪ್ಪವಾಗಲಿ, ಕಸರತ್ತು ಮಾಡಿ ಹುರಿಗಟ್ಟಲಿ, ಅದೇ ಪ್ಯಾಂಟು ಅದೇ ಸೊಂಟಕ್ಕೆ ಕೂರುತ್ತದೆ, ಏಕೆಂದರೆ ಬಟ್ಟೆಯ ಆಕೃತಿ ದೇಹದ ಆಕೃತಿಯ ಜೊತೆಗೇ ಹಿಗ್ಗುತ್ತ ಕುಗ್ಗುತ್ತದೆ. ಮೈಗಂಟುವ ಉಡುಪುಗಳಲ್ಲಿ ಎಷ್ಟೋ ಅಂತೂ ಚರ್ಮದ ಮೇಲೆ ಬಳಿದ ಬಣ್ಣ ಮಾತ್ರ. ಕೈಯಲ್ಲಿ ಆಟದ ನಾಣ್ಯವಾದ ಸಿಮೋಲಿಯನ್ ಒಂದೂ ಉಳಿದಿಲ್ಲದ, ಮನೆಯ ಗೋಡೆಗೆ ಬಣ್ಣವಿಲ್ಲದ ಸಿಮ್ ಕೂಡ ಒಳ್ಳೆಯ ಸೂಟು ತೊಟ್ಟು ಸಂಜೆಯ ಕೂಟಕ್ಕೆ ಹೋಗಬಹುದು.

ಇದನ್ನು ಆಟದ ಸೌಕರ್ಯ ಎಂದು ತಳ್ಳಿಹಾಕುವುದು ಸುಲಭ. ಆದರೆ ಇದು ಒಡೆತನದ ಪ್ರಶ್ನೆ ಎಂದು ನನಗೆ ಕಾಣುತ್ತದೆ. ಸಿಮ್ಸ್‌ನಲ್ಲಿ ಸೋಫಾ ಸಿಮ್‌ನದು. ಅಂಗಿ ಆಟ ಆಡುವವರದು. ಸೋಫಾ ಕೊಳ್ಳಲು ಸಿಮ್ ದುಡಿಯಬೇಕು, ಅದರ ಮೇಲೆ ಕೂತು ದಣಿವಾರಿಸಿಕೊಳ್ಳಬೇಕು, ಕಷ್ಟ ಬಂದರೆ ಅದನ್ನೇ ಮಾರಬೇಕು. ಅಂಗಿಯ ಮಟ್ಟಿಗೆ ಸಿಮ್ ಅಂಗಡಿಯ ಗಾಜಿನ ಹಿಂದಿನ ಗೊಂಬೆ. ಇದಕ್ಕೆ ನಗು ಬರಿಸುವ ಸಾಕ್ಷಿಯೊಂದು ಆಟದಲ್ಲೇ ಇದೆ. ಮಗು ಹದಿಹರೆಯಕ್ಕೆ ಬಂದ ಕ್ಷಣ ಕಂಪ್ಯೂಟರ್ ತನಗೆ ತೋಚಿದ ಬಟ್ಟೆಗಳನ್ನು ಅದಕ್ಕೆ ತೊಡಿಸುತ್ತದೆ. ಚಳಿಗಾಲದ ಟೋಪಿಗೆ ಚಡ್ಡಿ, ಮದುವೆಯ ಕೋಟಿಗೆ ಬೀಚಿನ ಚಪ್ಪಲಿ ಎನ್ನುವಂಥ ಜೋಡಣೆಗಳು. ಹುಟ್ಟುಹಬ್ಬದ ಕೇಕು ಕರಗುವ ಮೊದಲೇ ಆಡುವವರು ಆಟ ನಿಲ್ಲಿಸಿ ಉಡುಪು ತಿದ್ದಲು ಧಾವಿಸುತ್ತಾರೆ. ನಾಚಿಕೆಯೆಲ್ಲ ಆಡುವವರದು, ಆ ವೇಷದಲ್ಲಿ ಶಾಲೆಗೆ ಹೋಗಿಬರಲು ಸಿಮ್‌ಗೆ ಏನೂ ಅಡ್ಡಿಯಿಲ್ಲ. ಸಾವಿನಲ್ಲೂ ಇದೇ ಲೆಕ್ಕ. ಅಜ್ಜಿ ಸಿಮ್ ತೀರಿಕೊಂಡರೆ ಆಕೆಯ ಕುರ್ಚಿ, ಪಿಯಾನೊ, ಬಿಡಿಸಿದ ಚಿತ್ರ, ಬ್ಯಾಂಕಿನ ದುಡ್ಡು ಎಲ್ಲ ಮನೆಯಲ್ಲೇ ಉಳಿಯುತ್ತವೆ. ಆಕೆ ಉಟ್ಟ ಬಟ್ಟೆಯ ಒಂದು ಎಳೆಯೂ ಸಿಗುವುದಿಲ್ಲ.

ಆರಂಭದಿಂದ ಹೀಗೇ ಇರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಮೊದಲ ಆಟದಲ್ಲಿ ದೇಹ, ಬಟ್ಟೆ ಎರಡೂ ಸೇರಿದ ಒಂದೇ ಅಚ್ಚು ಇತ್ತು. ಅದನ್ನು ಎಲ್ಲರೂ ‘ಸ್ಕಿನ್’ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕಂತೆ ಬಟ್ಟೆ ಅಕ್ಷರಶಃ ಚರ್ಮವಾಗಿತ್ತು. ಹೊಸದನ್ನು ಕೊಳ್ಳುವ ದಾರಿ ತೆರೆದದ್ದು 2001ರ ‘ಹಾಟ್ ಡೇಟ್’ ಪ್ಯಾಕ್‌ನಲ್ಲಿ, ಪೇಟೆಗೆ ಹೋಗಿ. 2004ರ ‘ದಿ ಸಿಮ್ಸ್ 2’ ಈ ದಾರಿಯಲ್ಲಿ ಎಲ್ಲಕ್ಕಿಂತ ಮುಂದೆ ಹೋಯಿತು. ಅಲ್ಲಿ ಬಟ್ಟೆ ಬೇಕೆಂದರೆ ಅಂಗಡಿಗೆ ಹೋಗಬೇಕು, ತೂಗುಹಾಕಿದ ಸಾಲಿನಿಂದ ಆರಿಸಬೇಕು, ಗಲ್ಲಾಪೆಟ್ಟಿಗೆಯ ಮುಂದೆ ಸರತಿಯಲ್ಲಿ ನಿಂತು ದುಡ್ಡು ಕಟ್ಟಬೇಕು. 2006ರ ‘ಓಪನ್ ಫಾರ್ ಬಿಸಿನೆಸ್’ ಬಂದಮೇಲೆ ಆ ಬಟ್ಟೆಯಂಗಡಿಯನ್ನು ಸಿಮ್ ತಾನೇ ನಡೆಸಬಹುದಾಯಿತು. ಬಸುರಿ ಹೆಂಗಸರಿಗೆ ಮಾತ್ರ ಒಂದೇ ಒಂದು ಗೊತ್ತಾದ ಉಡುಪು. ಅದು ಆಗಿನ ಬಡತನ. 2009ರ ‘ದಿ ಸಿಮ್ಸ್ 3’ ಅಂಗಡಿಯನ್ನು ಮುಚ್ಚಿ, ಬದಲಿಗೆ ಯಾವ ಬಟ್ಟೆಗಾದರೂ ಯಾವ ಬಣ್ಣ, ಯಾವ ವಿನ್ಯಾಸವನ್ನಾದರೂ ಹಚ್ಚುವ ಸಲಕರಣೆಯನ್ನು ಆಡುವವರ ಕೈಗಿಟ್ಟಿತು. ನಾಲ್ಕನೆಯ ಆಟ ಆ ಸಲಕರಣೆಯನ್ನೂ ಕಿತ್ತುಕೊಂಡು ಮೊದಲೇ ಗೊತ್ತುಮಾಡಿದ ಕೆಲವು ಬಣ್ಣಗಳನ್ನಷ್ಟೇ ಕೊಟ್ಟಿತು. ಸಿಮ್‌ನ ಕೈಯಲ್ಲಿದ್ದ ಬಟ್ಟೆ ಮೆಲ್ಲಮೆಲ್ಲನೆ ಪರದೆಯ ಈಚೆಗೆ, ನಮ್ಮ ಕೈಗೆ ಜಾರಿದ ಕಥೆ ಇದು.

ಆಟವೆಂದರೆ ಮನರಂಜನೆ, ಅಂಗಿ ಕೊಳ್ಳುವ ರಗಳೆ ಅಲ್ಲೇಕೆ ಎಂದು ಯಾರಾದರೂ ಕೇಳಬಹುದು. ಸಿಮ್ಸ್ 2ರ ಅಂಗಡಿಯಲ್ಲಿ ಕಾದು ಬೇಸತ್ತವರು ಕಡಿಮೆಯಿಲ್ಲ, ನಿಜ. ಆದರೆ ರಗಳೆಗೆ ಹೆದರುವ ಆಟ ಇದಲ್ಲ. ಕಟ್ಟಿಕೊಂಡ ಕಮೋಡು, ಸೋರುವ ನಲ್ಲಿ, ತುಂಬಿ ನಾರುವ ಕಸದ ಡಬ್ಬಿ, ಒಲೆಗೆ ಹತ್ತುವ ಬೆಂಕಿ ಇವೇ ಇದರ ಜೀವಾಳ. ಜನರಿಗೂ ರಗಳೆ ಬೇಡವಾಗಿಲ್ಲ. ಆಡುವವರ ಮತ ಕೇಳಿ, ಅದರಂತೆ ರೂಪಿಸಿ 2018ರ ಜನವರಿಯಲ್ಲಿ ಬಿಡುಗಡೆ ಮಾಡಿದ ಪ್ಯಾಕ್‌ನ ಹೆಸರು ‘ಲಾಂಡ್ರಿ ಡೇ’. ಬೇರೆ ಆಯ್ಕೆಗಳಿದ್ದರೂ ಜನ ಬಟ್ಟೆ ಒಗೆಯುವ ಕೆಲಸ ಕೇಳಿದರು! ಹಾಗಾದರೆ ನನ್ನ ವಾದ ಇಲ್ಲಿಗೇ ಬಿದ್ದಂತಲ್ಲವೇ? ಒಗೆದ ಬಟ್ಟೆ ತೊಟ್ಟರೆ ಸಿಮ್‌ನ ಮನಸ್ಸು ಅರಳುತ್ತದೆ, ಕೊಳೆಯಾದದ್ದು ತೊಟ್ಟರೆ ಮುದುಡುತ್ತದೆ; ಡ್ರೈಯರ್‌ನಲ್ಲಿ ಕಟ್ಟಿದ ನೂಲಿನ ಜೂಲು ತೆಗೆಯದಿದ್ದರೆ ಬೆಂಕಿಯೂ ಹತ್ತುತ್ತದೆ. ಆದರೆ ಆ ಬುಟ್ಟಿಯೊಳಗೆ ಏನಿದೆ ನೋಡಿ. ಯಾರ ಅಂಗಿಯೂ ಇಲ್ಲ. ಇರುವುದು ‘ಕೊಳೆಬಟ್ಟೆ’ ಎಂಬ ಒಂದು ಹೆಸರಿಲ್ಲದ ಗುಡ್ಡೆ. ನೀಲಿ ಅಂಗಿ ಒಗೆಯಲು ಬಿದ್ದಿದೆ ಎಂದು ಅದನ್ನು ಹಾಕಿಕೊಳ್ಳಲಾಗದ ದಿನ ಬರುವುದಿಲ್ಲ. ಗುಡ್ಡೆ ಅಲ್ಲಿದ್ದರೂ ಅಂಗಿ ಬೀರುವಿನಲ್ಲೂ ಇರುತ್ತದೆ. ಕೊಳೆಯನ್ನು ಸಿಮ್‌ಗೆ ಬಿಟ್ಟುಕೊಟ್ಟರು, ಬಟ್ಟೆಯನ್ನಲ್ಲ. 2022ರ ‘ಹೈಸ್ಕೂಲ್ ಇಯರ್ಸ್’ ಪ್ಯಾಕ್‌ನಲ್ಲಿ ಬಂದ ಹಳೆಬಟ್ಟೆ ಅಂಗಡಿಯದೂ ಇದೇ ಪಾಡು. ದುಡ್ಡು ಕೊಟ್ಟು ಕೊಳ್ಳಲು ಅಲ್ಲಿ ಉಡುಪುಗಳಿವೆ, ಫೋನಿನಲ್ಲಿ ಮಾರಲು ಆ್ಯಪ್ ಇದೆ. ಮನೆಯ ಬೀರು ತೆಗೆದರೆ ಬೇಕಾದ್ದು ಬಿಟ್ಟಿ ಸಿಗುವ ಊರಿನಲ್ಲಿ ಆ ವ್ಯಾಪಾರ ಮಕ್ಕಳ ಅಂಗಡಿಯಾಟದಂತೆ ಕಾಣುತ್ತದೆ.

‘ಸೀಸನ್ಸ್’ ಮಾತ್ರ ಗಟ್ಟಿ ಆಕ್ಷೇಪ. ಅಲ್ಲಿ ಹಿಮ ಸುರಿಯುವಾಗ ಈಜುಡುಗೆಯಲ್ಲಿ ಹೊರಗೆ ನಿಲ್ಲಿಸಿದರೆ ಸಿಮ್ ಮರಗಟ್ಟಿ ಸಾಯುತ್ತದೆ; ಉರಿಬಿಸಿಲಿನಲ್ಲಿ ಉಣ್ಣೆಯ ಕೋಟು ತೊಡಿಸಿದರೂ ಜೀವಕ್ಕೆ ಅಪಾಯ. ಬಟ್ಟೆ ಸಿಮ್‌ನ ಮೈಗೆ ನಿಜವಾಗಿ ತಾಗುವುದು ಇಲ್ಲಿಯೇ, ಇದನ್ನು ಒಪ್ಪಬೇಕು. ಆದರೂ ತಾಗುವುದು ಬಟ್ಟೆಯಲ್ಲ, ಖಾನೆ. ‘ಚಳಿಗಾಲ’ ಎಂದು ಬರೆದ ಖಾನೆಯಲ್ಲಿ ತೆಳ್ಳನೆಯ ಬನಿಯನ್ನು ಜೋಡಿಸಿಟ್ಟರೂ ಆಟದ ಲೆಕ್ಕಕ್ಕೆ ಅದು ಬೆಚ್ಚನೆಯ ಉಡುಪು. ನೂಲಿಗಿಲ್ಲದ ಗುಣ ಚೀಟಿಗಿದೆ.

ಇಷ್ಟು ಹೇಳಿದಮೇಲೆ ಈ ವ್ಯವಸ್ಥೆ ಕೊಟ್ಟದ್ದನ್ನೂ ಹೇಳದಿದ್ದರೆ ಅನ್ಯಾಯ. 2016ರ ಜೂನ್‌ನಲ್ಲಿ ಬಂದ ಉಚಿತ ಅಪ್‌ಡೇಟ್ ಒಂದು ಗಂಡು-ಹೆಣ್ಣಿನ ಉಡುಪುಗಳ ನಡುವಿನ ಬೇಲಿಯನ್ನು ಕಿತ್ತುಹಾಕಿತು. ಅಲ್ಲಿಯವರೆಗೆ ಒಂದೇ ಲಿಂಗಕ್ಕೆ ಕಟ್ಟಿಟ್ಟಿದ್ದ 700ಕ್ಕೂ ಹೆಚ್ಚು ಬಟ್ಟೆ, ಆಭರಣ, ಕೇಶವಿನ್ಯಾಸಗಳು ಎಲ್ಲರಿಗೂ ತೆರೆದವು. ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಅಮೆರಿಕದ ಗ್ಲಾಡ್ ಸಂಸ್ಥೆಯ ಸಲಹೆ ಪಡೆದು ಮಾಡಿದ ಕೆಲಸ ಅದು. ಆಟದೊಳಗಿನ ಸಮಾಜ ಅದನ್ನು ಹೇಗೆ ತೆಗೆದುಕೊಂಡಿತು ಎಂದರೆ, ತೆಗೆದುಕೊಳ್ಳಲೇ ಇಲ್ಲ. ಲಂಗ ತೊಟ್ಟು ಆಫೀಸಿಗೆ ಹೋದ ಗಂಡಸನ್ನು ನೆರೆಮನೆಯವರು ತಿರುಗಿ ಸಹ ನೋಡುವುದಿಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ನಮ್ಮ ಗಾದೆಯನ್ನು ಈ ಆಟ ತಿರುಗುಮುರುಗು ಮಾಡಿದೆ. ಅಲ್ಲಿ ಹೊಟ್ಟೆ ಕಂಪ್ಯೂಟರಿನ ಇಚ್ಛೆಯಂತೆ ಹಸಿಯುತ್ತದೆ, ನೋಟವೊಂದೇ ಸ್ವತಂತ್ರ. ನಿಜಜೀವನದಲ್ಲಿ ತೊಡಲಾಗದ ಬಟ್ಟೆಯನ್ನು ಸಿಮ್‌ಗೆ ತೊಡಿಸಿ ನೋಡುವ ಹದಿಹರೆಯದವರಿಗೆ ಇದು ಸಣ್ಣ ವರವಲ್ಲ. ಬೆಲೆಯಿಲ್ಲ, ಅಳತೆಯಿಲ್ಲ, ಪರರ ಕಣ್ಣಿಲ್ಲ ಎಂಬ ಮೂರು ಇಲ್ಲಗಳೇ ಆ ವರದ ಬೇರು. ಬಟ್ಟೆಗೆ ತೂಕ ಕೊಟ್ಟಿದ್ದರೆ ಬೇಲಿ ಕೀಳುವುದು ಇಷ್ಟು ಸಲೀಸಾಗುತ್ತಿರಲಿಲ್ಲವೇನೋ.

ಆದರೆ ಬಿಟ್ಟಿ ಎಂಬ ಮಾತು ಪರದೆಯ ಆಚೆಗೆ ಮಾತ್ರ ನಿಜ. ಬಟ್ಟೆ ಆಡುವವರದು ಎಂದಾದಮೇಲೆ ಅದರ ಬಿಲ್ಲು ಆಡುವವರ ಕೈಗೇ ಬರಬೇಕಲ್ಲ! 2007ರಲ್ಲಿ ಎಚ್ ಆ್ಯಂಡ್ ಎಂ, 2012ರಲ್ಲಿ ಡೀಸೆಲ್, 2019ರಲ್ಲಿ ಮೊಸ್ಕಿನೊ ಹೀಗೆ ನಿಜವಾದ ಬ್ರ್ಯಾಂಡುಗಳ ಹೆಸರಿನ ಪ್ಯಾಕ್‌ಗಳು ನಿಜವಾದ ಹಣಕ್ಕೆ ಮಾರಾಟಕ್ಕೆ ಬಂದವು. 2022ರ ಅಕ್ಟೋಬರ್‌ನಿಂದ ಮೂಲ ಆಟವನ್ನೇ ಪುಕ್ಕಟೆ ಕೊಟ್ಟಿದ್ದಾರೆ. ದುಡ್ಡು ಹುಟ್ಟುವುದು ಪ್ಯಾಕ್‌ಗಳಿಂದ. 2021ರಲ್ಲಿ ಶುರುವಾದ ‘ಕಿಟ್’ ಎಂಬ ಸಣ್ಣ ಪೊಟ್ಟಣಗಳ ಬೆಲೆ ಸುಮಾರು ಐದು ಡಾಲರ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ‘ಫ್ಯಾಷನ್ ಸ್ಟ್ರೀಟ್ ಕಿಟ್’ ಮುಂಬೈಯ ಬೀದಿಯ ಉಡುಗೆತೊಡುಗೆಯಿಂದ ಪ್ರೇರಣೆ ಪಡೆದದ್ದು. ಆಜಾದ್ ಮೈದಾನದ ಬಳಿಯ ಫ್ಯಾಷನ್ ಸ್ಟ್ರೀಟ್ ಹೆಸರಾಗಿರುವುದು ಬಟ್ಟೆಗಿಂತ ಚೌಕಾಸಿಗೆ. ಹೇಳಿದ ಬೆಲೆಯ ಅರ್ಧದಿಂದ ಮಾತು ಶುರುಮಾಡಿ, ಹೊರಟಂತೆ ನಟಿಸಿ, ಕೂಗಿ ಕರೆಸಿಕೊಂಡು ಕೊಳ್ಳುವುದೇ ಆ ಬೀದಿಯ ಕಲೆ. ಆಟದೊಳಗೆ ಬಂದದ್ದು ಬಟ್ಟೆ ಮಾತ್ರ. ಅಂಗಡಿಯವನಿಲ್ಲ, ಚೌಕಾಸಿಯಿಲ್ಲ, ಗೊತ್ತಾದ ಬೆಲೆ. ಜೀವನವನ್ನೇ ಅನುಕರಿಸುವ ಆಟಕ್ಕೆ ಆ ಬೀದಿಯಲ್ಲಿ ಅನುಕರಿಸಲು ಯೋಗ್ಯವಾಗಿದ್ದದ್ದು ಆ ಜಗ್ಗಾಟವೇ ಆಗಿತ್ತು ಎನ್ನದೆ ಇರಲಾರೆ. ಹೊಲಿಗೆಯಿಲ್ಲದ ಬಟ್ಟೆಗೂ ಇಲ್ಲಿ ಇದೇ ಕಷ್ಟ. ಉಡುವ ಸೀರೆಯನ್ನು ಈ ತಂತ್ರಜ್ಞಾನ ತೊಡುವ ನಿಲುವಂಗಿಯನ್ನಾಗಿ ಮಾಡಿಯೇ ಒಳಗೆ ಬಿಟ್ಟುಕೊಳ್ಳಬೇಕು. ನೆರಿಗೆಗಳು ಅಚ್ಚಿನಲ್ಲೇ ಗಟ್ಟಿಯಾಗಿ ನಿಂತಿರುತ್ತವೆ, ಸೆರಗು ಜಾರುವುದಿಲ್ಲ, ಬಿಚ್ಚಿ ಮಡಿಸಿಡಲು ಬರುವುದಿಲ್ಲ.

ಬಟ್ಟೆಯನ್ನು ವಸ್ತುವಾಗಿಯೇ ಉಳಿಸಿಕೊಂಡು ಆಟವನ್ನು ಹಗುರವಾಗಿಡಲು ಸಾಧ್ಯವೇ ಎಂಬ ಕೊನೆಯ ಸಂದೇಹಕ್ಕೆ ಜಪಾನಿನ ನಿಂಟೆಂಡೊ ಉತ್ತರ ಕೊಟ್ಟಿದೆ. 2020ರ ‘ಆ್ಯನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಸಿಮ್ಸ್‌ಗಿಂತಲೂ ಸೌಮ್ಯವಾದ ಆಟ. ಅಲ್ಲಿ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಮೈಯ ಪ್ರಾಣಿ ಜಾತಿಯ ಸೋದರಿಯರು ನಡೆಸುವ ದರ್ಜಿ ಅಂಗಡಿಯಿದೆ. ದಿನಕ್ಕೊಮ್ಮೆ ಸರಕು ಬದಲಾಗುತ್ತದೆ, ಅಂಗಿಗೆ ಬೆಲೆಯಿದೆ, ಕೊಂಡ ಅಂಗಿ ಚೀಲದಲ್ಲಿ ಜಾಗ ತಿನ್ನುತ್ತದೆ. ಮೂಲೆಯಲ್ಲಿ ತಲೆಯೆತ್ತದೆ ಹೊಲಿಯುವ ಸೇಬಲ್ ದಿನಾ ಹೋಗಿ ಮಾತಾಡಿಸಿದರೆ ಮಾತ್ರ ಕ್ರಮೇಣ ಮನಸ್ಸು ಬಿಚ್ಚುತ್ತಾಳೆ. ನೆರೆಯ ಪ್ರಾಣಿಗೊಂದು ಅಂಗಿಯನ್ನು ಉಡುಗೊರೆ ಕೊಟ್ಟರೆ ಮುಂದೊಂದು ದಿನ ಅದು ಅದೇ ಅಂಗಿ ತೊಟ್ಟು ಬೀದಿಯಲ್ಲಿ ಎದುರಾಗುತ್ತದೆ. ಅಷ್ಟು ಸಾಕು, ಅಂಗಿಗೊಂದು ಚರಿತ್ರೆ ಹುಟ್ಟುತ್ತದೆ. ಸಿಮ್ಸ್ ಕೂಡ ಒಮ್ಮೆ ಇದರ ಹೊಸ್ತಿಲಿಗೆ ಬಂದಿತ್ತು. ಸಿಮ್ಸ್ 2ರಲ್ಲಿ ಅಂಗಡಿಯಿಂದ ತಂದ ಬಟ್ಟೆ ಒಬ್ಬರ ಹೆಸರಿಗೆ ಸೇರುತ್ತಿರಲಿಲ್ಲ, ಇಡೀ ಮನೆಯ ಬೀರುವಿಗೆ ಸೇರುತ್ತಿತ್ತು. ಒಂದೇ ವಯೋಮಾನದ, ಒಂದೇ ಲಿಂಗದ ಯಾರಾದರೂ ತೆಗೆದು ತೊಡಬಹುದಿತ್ತು. ಕೋಡ್ ಬರೆದವರಿಗೆ ಅದು ಲೆಕ್ಕ ಇಡುವ ಸುಲಭೋಪಾಯವಷ್ಟೇ ಆಗಿದ್ದಿರಬಹುದು. ಆದರೆ ಆ ನಿಯಮದ ಬಲದಿಂದ, ತಾಯಿ ಪೇಟೆಯಿಂದ ದುಡ್ಡು ಕೊಟ್ಟು ತಂದ ಉಡುಪು, ವರ್ಷಗಳಾಚೆ ಮಗಳು ದೊಡ್ಡವಳಾಗಿ ಬೀರು ತೆರೆದ ದಿನ, ಅಲ್ಲೇ ತೂಗುತ್ತಿರುತ್ತಿತ್ತು.